ಎಫ್‌ಐಆರ್ ಪ್ರತಿ ಆನ್‌ಲೈನ್‌ನಲ್ಲಿ: ಉಪಯುಕ್ತ, ಆದರೆ ಪೂರ್ತಿಯಲ್ಲ

ರಾಜ್ಯ ಪೊಲೀಸ್ ಜಾಲತಾಣದ ಎಫ್‌ಐಆರ್ ಹುಡುಕಾಟ ಮಲೆನಾಡಿಗೆ ದೊಡ್ಡ ಅನುಕೂಲ. ಒಂದು ಪ್ರತಿಗಾಗಿ ಮಳೆಯಲ್ಲಿ ಬಸ್ಸು ಕಾಯಬೇಕಿಲ್ಲ. ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ, ವರ್ಷ ಗೊತ್ತಿರಬೇಕು. ಹೆಚ್ಚಿನವರು ಎಡವುವುದು ಠಾಣೆಯ ಆಯ್ಕೆಯಲ್ಲಿ: ಸಾಗರ ಟೌನ್ ಬೇರೆ, ಸಾಗರ ಗ್ರಾಮಾಂತರ ಬೇರೆ. ಕೈಯಲ್ಲಿರುವುದು ಬರೀ ಅರ್ಜಿಯ ಸ್ವೀಕೃತಿ ಚೀಟಿಯಾದರೆ ಆ ನಂಬರಿಗೆ ಏನೂ ಸಿಗದು. '0045/2025' ಥರದ ಅಪರಾಧ ಸಂಖ್ಯೆಯೇ ಬೇಕು.

ಲೈಂಗಿಕ ಅಪರಾಧ, ಪೋಕ್ಸೊ ಪ್ರಕರಣಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ, ಅದೇ ಸರಿ. ಆಗ ಠಾಣೆಯಲ್ಲೇ ಕೇಳಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 173(2)ರಡಿ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪ್ರತಿ ಉಚಿತ, ಜೆರಾಕ್ಸ್ ಕಾಸೂ ಕೊಡಬೇಕಿಲ್ಲ.

ತನಿಖೆ ಎಲ್ಲಿಗೆ ಬಂತೆಂದು ಎಫ್‌ಐಆರ್ ಪ್ರತಿ ಹೇಳದು. ಅದನ್ನು ಇದೇ ಸಂಹಿತೆಯ 193(3)ರ ಪ್ರಕಾರ 90 ದಿನದೊಳಗೆ ಪೊಲೀಸರೇ ತಿಳಿಸಬೇಕು. ಆರೋಪಪಟ್ಟಿಯ ಪ್ರತಿ ವಕೀಲರಿರುವ ಸಂತ್ರಸ್ತರಿಗೂ 230ರಡಿ ಸಿಗುತ್ತದೆ. ಹಾಗಾಗಿ ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ಮೊದಲೇ ಹಾಕಿಸಿ.