ಅಜ್ಜಿ, ಮಕ್ಕಳ ಜೊತೆ ಈಸ್ಟರ್ ರಜೆ: ಪ್ರಾಗ್ ಚೆಂದ, ಆದರೆ ನಮಗೆ ವಿಯೆನ್ನಾನೇ ಸರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವಿಯೆನ್ನಾಗೆ. ನಾವಿರುವುದು ಮ್ಯೂನಿಕ್‌ನಲ್ಲಿ. ಈಸ್ಟರ್‌ಗೆ ಇಲ್ಲಿ ಮಕ್ಕಳಿಗೆ ಎರಡು ವಾರ ರಜೆ, ಹಾಸನದಿಂದ ಅತ್ತೆ ಬರುವುದೂ ಅದೇ ಹೊತ್ತಿಗೆ. ಹೋದ ವರ್ಷ ಐದು ಜನ ಸೇರಿ ಪ್ರಾಗ್‌ಗೆ ಹೋದೆವು, ಈ ವರ್ಷ ವಿಯೆನ್ನಾಗೆ. ಎರಡೂ ಕಡೆಗೆ ನೇರ ರೈಲಿದೆ. ವಿಯೆನ್ನಾಗೆ ಸುಮಾರು ನಾಲ್ಕು ಗಂಟೆ, ಪ್ರಾಗ್‌ಗೆ ಆರು ಅಂದುಕೊಳ್ಳಿ. ಅತ್ತೆಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಎರಡೂ ಸಲ ಹೋಟೆಲ್ ಬೇಡ ಅಂತ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದೆವು.

ಚೆಂದದ ಮಾತು ಬಂದರೆ ಪ್ರಾಗ್ ಒಂದು ಕೈ ಮೇಲೆ. ಒಂದು ದಿನ ಮಕ್ಕಳು ಅಜ್ಜಿ ಪಕ್ಕ ಮಲಗಿದ್ದಾಗ ನಾವಿಬ್ಬರೇ ಬೆಳಗ್ಗೆ ಆರೂವರೆಗೆ ಚಾರ್ಲ್ಸ್ ಸೇತುವೆಗೆ ಹೋದೆವು. 1357ರಲ್ಲಿ ಕಟ್ಟಲು ಶುರುಮಾಡಿದ ಸೇತುವೆ, ಎರಡೂ ಬದಿ ಸೇರಿ 30 ಶಿಲ್ಪಗಳು. ಕೆಳಗೆ ನದಿಯ ಮೇಲೆ ಮಂಜು, ಮೇಲೆ ಕೋಟೆ, ಜನವೇ ಇಲ್ಲ. ಆ ಅರ್ಧ ಗಂಟೆಗೆ ಸಮನಾದದ್ದು ವಿಯೆನ್ನಾದಲ್ಲಿ ನನಗೆ ಸಿಗಲಿಲ್ಲ. ಹತ್ತು ಗಂಟೆಗೆ ಎಲ್ಲರನ್ನೂ ಕರೆದುಕೊಂಡು ಅಲ್ಲಿಗೇ ಬಂದಾಗ ಮಾತ್ರ ಸ್ಟ್ರೋಲರ್ ತಿರುಗಿಸಲೂ ಜಾಗವಿರಲಿಲ್ಲ.

ಅವತ್ತೇ ಹಳೇಪೇಟೆ ಚೌಕದ ಗಡಿಯಾರದ ಮುಂದೆ ನಿಂತಿದ್ದೆವು. 1410ರ ಗಡಿಯಾರ ಅದು. ಗಂಟೆಗೊಮ್ಮೆ ಅಸ್ಥಿಪಂಜರದ ಬೊಂಬೆ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಒಬ್ಬೊಬ್ಬರೇ ಹಾದುಹೋಗುತ್ತಾರೆ, ಕೊನೆಗೆ ಚಿನ್ನದ ಬಣ್ಣದ ಹುಂಜ ಕೂಗುತ್ತದೆ. ಹುಂಜ ಕೂಗಿ ಮುಗಿಯುವಷ್ಟರಲ್ಲಿ ಅಪ್ಪನ ಹೆಗಲ ಮೇಲಿದ್ದ ಮಗ, "ಅಮ್ಮಾ, ಸುಸ್ಸು" ಅಂದ. ಆಗ ಅವನಿಗೆ ಮೂರು ವರ್ಷ. ಡೈಪರ್ ಬಿಟ್ಟು ಎರಡೇ ತಿಂಗಳಾಗಿತ್ತು.

ಶೌಚಾಲಯ ಹತ್ತಿರದಲ್ಲೇ ಸಿಕ್ಕಿತು. ಆದರೆ ಬಾಗಿಲಲ್ಲಿ ಕೂತಿದ್ದ ಹೆಂಗಸು 20 ಕೊರುನಾ (ಅಲ್ಲಿನ ಹಣ) ನಾಣ್ಯ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಕಾರ್ಡು ಮತ್ತು ಬೆಳಗ್ಗೆ ಎಟಿಎಂ ಕೊಟ್ಟ ಒಂದೇ ಒಂದು 2,000ದ ನೋಟು. ಅವರು ನೋಟು ನೋಡಿ ತಲೆಯಾಡಿಸಿದರು. ಅವರದ್ದೂ ತಪ್ಪಿಲ್ಲ, ಅಷ್ಟು ಚಿಲ್ಲರೆ ಅವರಾದರೂ ಎಲ್ಲಿಂದ ತರಬೇಕು? ನಮ್ಮ ಯಜಮಾನರು ಚಿಲ್ಲರೆಗೆ ಓಡಿದರು. ಮೊದಲ ಅಂಗಡಿಯಲ್ಲಿ ಕಾರ್ಡ್ ಕೊಡಿ ಅಂದರು, ಎರಡನೆಯದರಲ್ಲೂ ಅದೇ ಮಾತು. ಮೂರನೆಯವರು ನೋಟು ಮುರಿದುಕೊಟ್ಟರು. ಅಷ್ಟರಲ್ಲಿ ಮಗನ ಚಡ್ಡಿ ಒದ್ದೆಯಾಗಿತ್ತು. ಏಪ್ರಿಲ್ ಗಾಳಿ, ಅವನ ಕಾಲು ನಡುಗುತ್ತಿತ್ತು. ಅತ್ತೆ ಮಾತಾಡದೆ ತಮ್ಮ ಶಾಲು ತೆಗೆದು ಅವನ ಸೊಂಟಕ್ಕೆ ಪಂಚೆಯ ಹಾಗೆ ಸುತ್ತಿ ಎತ್ತಿಕೊಂಡರು. ಆ ಮಂಡಿಯಲ್ಲಿ! ನನಗೆ ಅಳು ಬಂದುಬಿಟ್ಟಿತ್ತು.

ಆ ನೋಟಿನದ್ದೇ ಇನ್ನೊಂದು ಕತೆ. ಅದನ್ನು ತೆಗೆದದ್ದು ಗಿಫ್ಟ್ ಅಂಗಡಿಯ ಗೋಡೆಗೆ ಅಂಟಿಕೊಂಡಿದ್ದ ಎಟಿಎಂನಿಂದ. ಲೆಕ್ಕವನ್ನು ಯೂರೋದಲ್ಲೇ ತೋರಿಸಿ, ಈ ದರ ಒಪ್ಪಿಗೆಯಾ ಅಂತ ಕೇಳಿತು. ಯೂರೋ ಕಂಡ ತಕ್ಷಣ ಪರಿಚಿತ ಅನ್ನಿಸಿ ಒತ್ತಿಬಿಟ್ಟೆ. ಆಗಿನ ದರದಲ್ಲಿ ಆ 2,000 ಕೊರುನಾಗೆ ಸುಮಾರು 80 ಯೂರೋ ಆಗಬೇಕಿತ್ತು. ರಾತ್ರಿ ಖಾತೆ ನೋಡಿದರೆ 92 ಹೋಗಿತ್ತು. ಹನ್ನೆರಡು ಯೂರೋ ಅಂದರೆ ನಮ್ಮೆಲ್ಲರ ಒಂದು ಹೊತ್ತಿನ ಕಾಫಿ-ತಿಂಡಿ, ಅಲ್ವಾ?

ಪ್ರಾಗ್‌ಗೆ ಹೋಗುವವರು ದಯವಿಟ್ಟು ಗಮನಿಸಿ. ಯಂತ್ರ ಯೂರೋದಲ್ಲಿ ಲೆಕ್ಕ ಹಾಕಲೇ ಅಂದರೆ ಬೇಡ ಅನ್ನಿ. ಕೊರುನಾದಲ್ಲೇ ಕಡಿತವಾದರೆ ದರವನ್ನು ನಿಮ್ಮ ಬ್ಯಾಂಕ್ ಹಾಕುತ್ತದೆ, ಅದೇ ಲಾಭ. ಬ್ಯಾಂಕಿನ ಕಟ್ಟಡದಲ್ಲೇ ಇರುವ ಎಟಿಎಂ ಹುಡುಕಿ. 2,000ದ ಬದಲು 1,900 ತೆಗೆಯಿರಿ, ಸಣ್ಣ ನೋಟು ಸಿಗುತ್ತವೆ. ಹಣ ಬದಲಿಸುವ ಅಂಗಡಿಯಲ್ಲಿ ದರ ಮೋಸ ಅನ್ನಿಸಿದರೆ, 1,000 ಯೂರೋವರೆಗಿನ ಮೊತ್ತಕ್ಕೆ ಮೂರು ಗಂಟೆಯೊಳಗೆ ವಾಪಸ್ ಕೇಳುವ ಹಕ್ಕನ್ನು 2019ರಿಂದ ಅಲ್ಲಿನ ಕಾನೂನು ಕೊಟ್ಟಿದೆ. ರಸೀದಿ ಮಾತ್ರ ಎಸೆಯಬೇಡಿ. ಮತ್ತೆ 20 ಕೊರುನಾ ನಾಣ್ಯಗಳನ್ನು ಬೇರೆಯೇ ಒಂದು ಪುಟ್ಟ ಪರ್ಸಿನಲ್ಲಿ ಇಟ್ಟುಕೊಳ್ಳಿ.

ವಿಯೆನ್ನಾದಲ್ಲಿ ಇದ್ಯಾವುದೂ ಇಲ್ಲ. ಅಲ್ಲೂ ಯೂರೋ, ಇಲ್ಲೂ ಯೂರೋ. 50 ಸೆಂಟಿನ ನಾಣ್ಯ ಮನೆಯಿಂದಲೇ ಜೇಬಲ್ಲಿ ಬಂದಿರುತ್ತದೆ.

ಓಡಾಟದಲ್ಲೂ ವಿಯೆನ್ನಾನೇ ಸುಲಭ. ಪ್ರಾಗ್‌ನಲ್ಲಿ ನಮ್ಮ ಮನೆ ನಾಮ್ಯೆಸ್ತಿ ಮೀರು ಮೆಟ್ರೋ ಹತ್ತಿರ ಇತ್ತು. ಆ ನಿಲ್ದಾಣ ನೆಲದಿಂದ 53 ಮೀಟರ್ ಆಳದಲ್ಲಿದೆ, ಎಸ್ಕಲೇಟರ್ ಉದ್ದ 87 ಮೀಟರ್. ಮೇಲೆ ನಿಂತು ನೋಡಿದರೆ ಕೆಳಗಿರುವವರು ಬೆರಳುದ್ದ ಕಾಣುತ್ತಾರೆ. ಅತ್ತೆ ಒಮ್ಮೆ ಇಳಿದರು, ಪಕ್ಕದ ಕಂಬಿ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು. ಮರುದಿನದಿಂದ ಅಲ್ಲಿಂದಲೇ ಕೋಟೆಗೆ ನೇರ ಹೋಗುವ 22ನೇ ನಂಬರ್ ಟ್ರಾಮ್ ನಮ್ಮ ಗಾಡಿಯಾಯಿತು. ಟ್ರಾಮ್‌ನಿಂದ ಇಳಿದರೆ ಎಲ್ಲೆಲ್ಲೂ ಸಣ್ಣ ಕಲ್ಲುಹಾಸು, ಸ್ಟ್ರೋಲರಿನ ಮುಂದಿನ ಚಕ್ರ ಸಂದಿಯಲ್ಲಿ ಸಿಕ್ಕಿ ಸಿಕ್ಕಿ ನಿಲ್ಲುತ್ತದೆ. ವಿಯೆನ್ನಾದ ಮೆಟ್ರೋದಲ್ಲಿ ಎಲ್ಲ ನಿಲ್ದಾಣಕ್ಕೂ ಲಿಫ್ಟ್ ಇದೆ. ಅತ್ತೆಗೆ ಅಷ್ಟು ಸಾಕಾಗಿತ್ತು.

ಮೆಟ್ರೋ, ಟ್ರಾಮ್‌ನ ಮಕ್ಕಳ ಟಿಕೆಟ್‌ನಲ್ಲಿ ಮಾತ್ರ ಪ್ರಾಗ್ ಮುಂದೆ, ಅಲ್ಲಿ 15 ತುಂಬದವರಿಗೆ ಯಾವಾಗಲೂ ಉಚಿತ.

ಮಕ್ಕಳಿಗೆ ಹಿಡಿಸಿದ್ದು ಮಾತ್ರ ವಿಯೆನ್ನಾ. ನಾವು ಇಳಿದುಕೊಂಡದ್ದು ಮೈಡ್ಲಿಂಗ್‌ನಲ್ಲಿ. ಮ್ಯೂನಿಕ್ ರೈಲು ಅಲ್ಲೇ ನಿಲ್ಲುತ್ತದೆ, ಮುಖ್ಯ ನಿಲ್ದಾಣದವರೆಗೆ ಹೋಗಬೇಕಿಲ್ಲ. ಅಲ್ಲಿಂದ ಷೋನ್‌ಬ್ರುನ್ ಅರಮನೆ ಹತ್ತಿರ. ಅರಮನೆಯ ಒಳಗೆ ನಾವು ಹೋಗಲೇ ಇಲ್ಲ. ತೋಟಕ್ಕೆ ಟಿಕೆಟ್ ಇಲ್ಲ, ದಿನಾ ಸಂಜೆ ಅಲ್ಲೇ. ಅತ್ತೆ ಬೆಂಚಿನ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದರು, ಮಕ್ಕಳು ಸುಮ್ನೆ ಗುಡ್ಡ ಹತ್ತಿ ಇಳಿಯುತ್ತಿದ್ದರು. ಅದರೊಳಗೇ ಇರುವ ಮೃಗಾಲಯ 1752ರದ್ದು, ಈಗಲೂ ನಡೆಯುತ್ತಿರುವುದರಲ್ಲಿ ಜಗತ್ತಿಗೇ ಹಳೆಯದು.

ಇನ್ನೊಂದು, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. 19 ತುಂಬದವರಿಗೆ ಉಚಿತ, ಮಂಗಳವಾರ ರಜೆ. ಮಗ ಕತ್ತು ಆಡಿಸುವ ಡೈನೋಸಾರ್ ಮುಂದೆ ಕದಲದೆ ನಿಂತ. ಮಗಳನ್ನು ಕರೆದುಕೊಂಡು ನಾನು, ಅತ್ತೆ ಒಂದು ಕತ್ತಲು ಕೋಣೆಗೆ ಹೋದೆವು. ಗಾಜಿನೊಳಗೆ ಒಂದು ಗೇಣೂ ಇಲ್ಲದ ಕಲ್ಲಿನ ಹೆಣ್ಣು, ಆಸ್ಟ್ರಿಯಾದ ವಿಲ್ಲೆನ್‌ಡಾರ್ಫ್ ಅನ್ನುವ ಹಳ್ಳಿಯಲ್ಲಿ 1908ರಲ್ಲಿ ಸಿಕ್ಕಿದ್ದು. ವಯಸ್ಸು ಸುಮಾರು 29,500 ವರ್ಷ. ಮುಖವಿಲ್ಲ, ತುಂಬಿದ ಎದೆ, ತುಂಬಿದ ಹೊಟ್ಟೆ. ಅತ್ತೆ ಬಗ್ಗಿ ನೋಡಿ, "ನಮ್ಮೂರಮ್ಮನ ಹಾಗೇ ಅವ್ಳೆ ಕಣಮ್ಮ" ಅಂದು ಕೈ ಮುಗಿದರು. ಮಗಳೂ ಮುಗಿದಳು.

ವಿಯೆನ್ನಾದಲ್ಲಿ ನನಗೆ ಬೇಸರ ತಂದದ್ದು ಒಂದೇ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಈಸ್ಟರ್ ಸೋಮವಾರವೂ ಅಷ್ಟೆ. ಮ್ಯೂನಿಕ್‌ನಲ್ಲೂ ಹೀಗೇ, ಆದರೂ ಊರು ಬಿಟ್ಟ ಮೇಲೆ ಮರೆತಿದ್ದೆ. ಭಾನುವಾರ ಮಧ್ಯಾಹ್ನಕ್ಕೆ ಮೊಸರು ಮುಗಿಯಿತು. ಮೊಸರನ್ನವಿಲ್ಲದೆ ಅತ್ತೆಗೆ ಊಟ ಮುಗಿಯುವುದಿಲ್ಲ. ಕೊನೆಗೆ ಪ್ರಾಟರ್‌ಸ್ಟರ್ನ್ ರೈಲು ನಿಲ್ದಾಣದ ಸೂಪರ್‌ಮಾರ್ಕೆಟ್ ತೆರೆದಿತ್ತು, ಬಾಗಿಲಾಚೆವರೆಗೂ ಸಾಲು. ಪ್ರಾಗ್‌ನಲ್ಲಿ ಈಸ್ಟರ್ ಸೋಮವಾರ ದೊಡ್ಡ ಅಂಗಡಿ ಮುಚ್ಚುತ್ತವೆ, ಭಾನುವಾರ ತೆರೆದೇ ಇರುತ್ತವೆ.

ಹೊರಗಿನ ಊಟ ಎರಡೂ ಕಡೆ ಅತ್ತೆಗೆ ಕಷ್ಟವೇ. ಪ್ರಾಗ್‌ನ ಕರಿದ ಚೀಸ್ ಆಗಲಿ, ವಿಯೆನ್ನಾದ ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ಪ್ಯಾನ್‌ಕೇಕ್ ಆಗಲಿ, ಮೊಟ್ಟೆ ಬಿಟ್ಟಿಲ್ಲ.

ಖರ್ಚು ಪ್ರಾಗ್‌ನಲ್ಲೇ ಕಡಿಮೆ. ನಮ್ಮ ಲೆಕ್ಕದಲ್ಲಿ ಮನೆ ಬಾಡಿಗೆ, ಊಟ ಸೇರಿ ವಿಯೆನ್ನಾಗೆ ಕಾಲುಭಾಗ ಜಾಸ್ತಿ ಆಯಿತು. ಗಂಡ-ಹೆಂಡತಿ ಇಬ್ಬರೇ ಆದರೆ, ಅಥವಾ ಮಕ್ಕಳು ದೊಡ್ಡವರಾಗಿದ್ದರೆ ಕಣ್ಣುಮುಚ್ಚಿ ಪ್ರಾಗ್‌ಗೆ ಹೋಗಿ, ಬೆಳಗ್ಗೆ ಬೇಗ ಎದ್ದು ಸೇತುವೆ ನೋಡಿ. ನಾವು ದಿನಕ್ಕೆ ಒಂದೇ ಜಾಗ ನೋಡುವವರು, ಮಧ್ಯಾಹ್ನ ಮನೆಗೆ ಬಂದು ಉಂಡು ಮಲಗುವವರು. ನಮಗೆ ಆ ಕಾಲುಭಾಗ ಕೊಟ್ಟದ್ದು ಸಾರ್ಥಕವಾಯಿತು.

ಮುಂದಿನ ಈಸ್ಟರ್‌ಗೂ ಮೈಡ್ಲಿಂಗ್‌ನ ಅದೇ ಮನೆಯನ್ನು ಬುಕ್ ಮಾಡಿಯಾಗಿದೆ. ಶನಿವಾರವೇ ಮೊಸರು ಎರಡು ಡಬ್ಬಿ ತಂದಿಡು ಅಂತ ಅತ್ತೆ ಈಗಿನಿಂದಲೇ ಫೋನಿನಲ್ಲಿ ಹೇಳುತ್ತಿದ್ದಾರೆ.