ನೆಹರು ತಾರಾಲಯ: ದೊಡ್ಡೋರೂ ಹೋಗ್ಲೇಬೇಕು
ಬೆಂಗ್ಳೂರಿನ ಟಿ. ಚೌಡಯ್ಯ ರಸ್ತೇಲಿರೋ ಜವಾಹರಲಾಲ್ ನೆಹರು ತಾರಾಲಯ ಅಂದ್ರೆ ಮಕ್ಕಳಿಗೆ ಅಂತ್ಲೇ ಎಲ್ರೂ ಅನ್ಕೊಂಡಿರ್ತಾರೆ, ಆದ್ರೆ ನಿಜಕ್ಕೂ ಹೋಗ್ಬೇಕಾಗಿರೋದು ದೊಡ್ಡೋರು. ಲೈಟ್ ಆಫ್ ಆಗಿ ಗುಮ್ಮಟದ ತುಂಬ ನಕ್ಷತ್ರ ಬಂದಾಗ ಪಕ್ಕದ ಸೀಟಿನ ಪುಟ್ಟ ಹುಡುಗಿ "ಅಪ್ಪಾ, ಇದ್ರಲ್ಲಿ ನಮ್ಮನೆ ಎಲ್ಲಿ?" ಅಂತ ಕೇಳಿದ್ಲು, ಅವ್ರಪ್ಪ ಬಾಯಿ ಬಿಟ್ಕೊಂಡು ಮೇಲೆ ನೋಡ್ತಾನೇ ಇದ್ರು. ಈ ಬೆರಗಿನ ಬಗ್ಗೆ ಮನೋವಿಜ್ಞಾನಿಗಳಾದ ಡ್ಯಾಕರ್ ಕೆಲ್ಟ್‌ನರ್, ಜೊನಾಥನ್ ಹೈಟ್ 2003ರಲ್ಲೇ ಬರ್ದಿದಾರೆ, ನಮಗಿಂತ ತುಂಬಾ ದೊಡ್ಡದೊಂದು ಎದುರಿಗೆ ಬರ್ಬೇಕು, ತಲೇಲಿರೋ ಲೆಕ್ಕಕ್ಕೆ ಅದು ಸಿಗ್ಬಾರ್ದು, ಆಗ್ಲೇ ಬೆರಗು ಹುಟ್ಟೋದು ಅಂತ. 2015ರಲ್ಲಿ ಮನೋವಿಜ್ಞಾನಿ ಪಾಲ್ ಪಿಫ್ ತಂಡ ಮಾಡಿದ ಪ್ರಯೋಗಗಳಲ್ಲಿ ಬೆರಗು ಪಟ್ಟೋರಿಗೆ ತಾವು ಚಿಕ್ಕೋರು ಅನ್ನಿಸ್ತು, ಬೇರೆಯೋರಿಗೆ ಸಹಾಯ ಮಾಡೋ ಮನಸ್ಸೂ ಜಾಸ್ತಿ ಆಯ್ತು. ಇದು ಕೀಳರಿಮೆ ಅಲ್ಲ ಮತ್ತೆ, ನಾನು ನಾನು ಅನ್ನೋ ಗದ್ದಲ ಸ್ವಲ್ಪ ಹೊತ್ತು ನಿಲ್ಲುತ್ತೆ ಅಷ್ಟೆ. ದಿನಾ ಅಪ್ರೈಸಲ್ಲು, ಲೈಕು, ಫಾಲೋವರ್ಸು ಅಂತ ತಲೆ ಕೆಡಿಸ್ಕೊಳ್ಳೋ ನಮ್ ಬೆಂಗ್ಳೂರಿನ ಜನಕ್ಕೆ ಇದು ತುಂಬಾನೇ ಬೇಕು. ಸೋಮವಾರ ರಜೆ. ಕನ್ನಡ ಶೋ ಟೈಮ್ ನೋಡ್ಕೊಂಡು ಹೋಗಿ, ಹಿಂದಿನ ಸಾಲಲ್ಲಿ ಕೂತ್ರೆ ಚೆನ್ನಾಗಿ ಕಾಣುತ್ತೆ, ಫೋನ್ ಮಾತ್ರ ಜೇಬಲ್ಲೇ ಇರ್ಲಿ.