ನೀಲಿ ಚುಕ್ಕಿ ಬೆಟ್ಟದ ಆ ಕಡೆ, ನಾವು ಈ ಕಡೆ: ಫೋನಿನ ಜಿಪಿಎಸ್ ನಂಬುವ ಮೊದಲು ಇದನ್ನು ಓದಿ

ಅಣ್ಣನ ಕಾಲು ಮುರಿದಾಗ ಸಂಜೆ ಐದೂವರೆ. ಬೆಟ್ಟದಿಂದ ಇಳಿಯುವ ಕಾಲುದಾರಿ. ಒದ್ದೆ ಬಂಡೆಯ ಮೇಲೆ ಜಾರಿ, ಎಡಗಾಲು ಮಡಚಿಕೊಂಡು ಬಿದ್ದ. ಎದ್ದು ನಿಲ್ಲುವುದಕ್ಕೇ ಆಗಲಿಲ್ಲ. ನಮ್ಮ ಜೊತೆ ಬಂದಿದ್ದ ನಾಲ್ವರು ಆಗಲೇ ಕೆಳಗೆ ಗಾಡಿಯ ಹತ್ತಿರ ತಲುಪಿದ್ದರು. ನನ್ನ ಫೋನಿನಲ್ಲಿ ಸಿಗ್ನಲ್ ಒಂದೇ ಒಂದು ಕಡ್ಡಿ. ನಕ್ಷೆ ತೆರೆದೆ, ನೀಲಿ ಚುಕ್ಕಿ ಬಂತು, ಲೊಕೇಶನ್ ಕಳಿಸಿದೆ. "ಇಲ್ಲೇ ಇದ್ದೀವಿ, ಬೇಗ ಬನ್ನಿ" ಅಂದೆ.

ಅವರು ಬೇಗನೇ ಬಂದರು. ಆದರೆ ಬೆಟ್ಟದ ಆ ಕಡೆಗೆ ಬಂದರು.

"ನೀನು ಹೇಳಿದ ಜಾಗದಲ್ಲೇ ನಿಂತಿದ್ದೀವಿ, ಎಲ್ಲಿದ್ದೀರಿ?" ಅಂತ ಫೋನ್ ಬಂತು. ಕೂಗಿದೆವು, ಕೇಳಿಸಲಿಲ್ಲ. ಮತ್ತೆ ಲೊಕೇಶನ್ ಕಳಿಸಿದೆ, ಚುಕ್ಕಿ ಈಗ ಇನ್ನೊಂದು ಕಡೆ ಹೋಗಿತ್ತು. ಮೂರನೇ ಸಲ ಕಳಿಸಿದಾಗ ಮತ್ತೊಂದು ಕಡೆ. ಕತ್ತಲಾಗುತ್ತಾ ಬಂತು. ಅಣ್ಣ ನೋವಿಗೆ ಹಲ್ಲು ಕಚ್ಚಿಕೊಂಡು ಕೂತಿದ್ದ, ಮೈ ತಣ್ಣಗಾಗುತ್ತಿತ್ತು. ಕೊನೆಗೆ ಅವನೇ ತನ್ನ ಹಳೇ ಫೋನ್ ತೆಗೆದು ನನ್ನ ಕೈಗಿಟ್ಟ. ಬ್ಯಾಟರಿ ನಾಲ್ಕು ಪರ್ಸೆಂಟ್ ಉಳಿದಿತ್ತು. ಒಂದು ನಿಮಿಷವೂ ಆಗಿರಲಿಲ್ಲ, ಅದು ನಾವು ಕೂತ ಬಂಡೆಯನ್ನೇ ತೋರಿಸಿತು. ಅದು ತೋರಿಸಿದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದೆ. ನಾಲ್ವರೂ ನಮ್ಮ ಹತ್ತಿರ ತಲುಪುವಾಗ ಎಂಟು ಗಂಟೆ ದಾಟಿತ್ತು.

ಒಂದೇ ಬಂಡೆ, ಒಂದೇ ಆಕಾಶ, ಎರಡು ಫೋನ್. ತಪ್ಪು ನನ್ನ ಫೋನಿನದು ಅಂತ ಅವತ್ತು ಒಪ್ಪಿಕೊಳ್ಳಲೇಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಆ ತಪ್ಪು ನನಗೆ ತಿಂಗಳುಗಳಿಂದ ಗೊತ್ತಿತ್ತು. ಈ ಬರಹ ಅದಕ್ಕಾಗಿಯೇ.

ಈ ಫೋನನ್ನು ನಾನು ಸುಮ್ನೆ ಕೊಂಡದ್ದಲ್ಲ. ಫೋನಿನೊಳಗೆ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಇರುತ್ತವೆ. ಪೂರ್ವ ಕಾಂಗೋದಂಥ ಕಡೆ ಈ ಅದಿರಿನ ಹಣ ಬಂದೂಕು ಹಿಡಿದ ಗುಂಪುಗಳ ಕೈಗೆ ಹೋಗಿದ್ದಿದೆ. ಅದಿರು ಯಾವ ಗಣಿಯಿಂದ ಬಂತು ಅಂತ ಹುಡುಕಿ ನೋಡುವ, ಜೋಡಿಸುವ ಕೆಲಸಗಾರರಿಗೆ ನ್ಯಾಯವಾದ ಕೂಲಿ ಸಿಗಲಿ ಅನ್ನುವ, ಕೆಟ್ಟರೆ ನಾವೇ ಸ್ಕ್ರೂಡ್ರೈವರ್ ಹಿಡಿದು ರಿಪೇರಿ ಮಾಡಿಕೊಳ್ಳುವಂತೆ ಕಟ್ಟಿದ ಫೋನ್ ಇದು. ಆ ಯೋಚನೆಯ ಮೇಲೆ ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಇದೆ. ಆದರೆ ಅದೇ ನಂಬಿಕೆ ನನ್ನ ಕಣ್ಣು ಕಟ್ಟಿತು. ಫೋನ್ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ನಾನೇ ವಕಾಲತ್ತು ವಹಿಸುತ್ತಿದ್ದೆ. ಬೆಳಗಿನ ಓಟದ ದಾರಿ 5 ಕಿಲೋಮೀಟರ್ ಅಂತ ನನಗೆ ಗೊತ್ತು, ಫೋನ್ 7 ತೋರಿಸುತ್ತಿತ್ತು. ಗಾಡಿಯಲ್ಲಿ ಹೋಗುವಾಗ ತಿರುವು ದಾಟಿದ ಮೇಲೆ "ಬಲಕ್ಕೆ ತಿರುಗಿ" ಅನ್ನುತ್ತಿತ್ತು. ಮೋಡ ಇರಬೇಕು ಅಂದುಕೊಂಡೆ. ಮೋಡಕ್ಕೆ ಜಿಪಿಎಸ್ ಹೆದರುವುದಿಲ್ಲ, ಆ ಅಲೆ ಮೋಡವನ್ನು ಸಲೀಸಾಗಿ ದಾಟಿ ಬರುತ್ತದೆ. ನಾನು ನೆಪ ಹುಡುಕುತ್ತಿದ್ದೆ, ಅಷ್ಟೇ.

ಮೊದಲು ಆ ನೀಲಿ ಚುಕ್ಕಿಯ ಬಗ್ಗೆ ಹೇಳಬೇಕು. ಚುಕ್ಕಿ ಬಂತು ಅಂದರೆ ಜಿಪಿಎಸ್ ಸಿಕ್ಕಿತು ಅಂತಲ್ಲ. ಉಪಗ್ರಹ ಸಿಗದಿದ್ದಾಗ ಫೋನ್ ಸುತ್ತಲಿನ ವೈಫೈ ಮತ್ತು ಮೊಬೈಲ್ ಟವರ್ ನೋಡಿ ಒಂದು ಅಂದಾಜು ಹಾಕುತ್ತದೆ. ಊರೊಳಗೆ ವೈಫೈ ಜಾಸ್ತಿ ಇರುವುದರಿಂದ ಆ ಅಂದಾಜು ಚೆನ್ನಾಗಿಯೇ ಇರುತ್ತದೆ, ಕಾಯಿಲೆ ಗೊತ್ತೇ ಆಗುವುದಿಲ್ಲ. ಬೆಟ್ಟದಲ್ಲಿ ವೈಫೈ ಎಲ್ಲಿಂದ ಬರಬೇಕು? ಉಳಿಯುವುದು ಟವರ್ ಒಂದೇ. ಆಗ ಕಿಲೋಮೀಟರ್‌ಗಟ್ಟಲೆ ತಪ್ಪಬಹುದು. ಫೋನ್ ಅದನ್ನು ಮುಚ್ಚಿಡುವುದೂ ಇಲ್ಲ. ಚುಕ್ಕಿಯ ಸುತ್ತ ತಿಳಿನೀಲಿ ವೃತ್ತ ಬರುತ್ತದಲ್ವಾ, ನೀವು ಬಹುಶಃ ಆ ವೃತ್ತದೊಳಗೆ ಎಲ್ಲೋ ಇದ್ದೀರಿ ಅಂತ ಅದರ ಅರ್ಥ. ಅವತ್ತು ನನ್ನ ಪರದೆಯ ತುಂಬ ತಿಳಿನೀಲಿಯೇ ಇತ್ತು. ನಕ್ಷೆಯ ಬಣ್ಣವೇ ಹಾಗೆ ಅಂದುಕೊಂಡೆ. ಸ್ವಲ್ಪ ಚಿಕ್ಕದು ಮಾಡಿ ನೋಡಿದ್ದರೆ ವೃತ್ತದ ಅಂಚು ಬೆಟ್ಟದ ಎರಡೂ ಬದಿ ದಾಟಿರುವುದು ಕಾಣುತ್ತಿತ್ತು.

ಬೆಟ್ಟಕ್ಕೆ ಹೋಗುವ ಮೊದಲೇ ನಾನು ರಿಪೇರಿಗೆ ಕೈ ಹಾಕಿದ್ದೆ. ಎಲ್ಲ ತಪ್ಪು ದಾರಿಗಳು. ಫೋನ್ ಹಿಡಿದು ಗಾಳಿಯಲ್ಲಿ ಎಂಟರ ಆಕಾರ ಬರೆದೆ, ಅದು ದಿಕ್ಸೂಚಿಯನ್ನು ಸರಿ ಮಾಡುತ್ತದೆಯೇ ಹೊರತು ಜಾಗವನ್ನಲ್ಲ. ನೀವು ಯಾವ ಕಡೆ ಮುಖ ಮಾಡಿದ್ದೀರಿ ಅನ್ನುವುದು ಬೇರೆ, ಎಲ್ಲಿದ್ದೀರಿ ಅನ್ನುವುದು ಬೇರೆ. ಜಿಪಿಎಸ್ ಶಕ್ತಿ ಹೆಚ್ಚಿಸುತ್ತೇವೆ ಅನ್ನುವ ಎರಡು ಆ್ಯಪ್ ಹಾಕಿದೆ. ದಯವಿಟ್ಟು ಇವನ್ನು ಮುಟ್ಟಬೇಡಿ. ಆಂಟೆನಾಕ್ಕೆ ಬಾರದ ಅಲೆಯನ್ನು ಯಾವ ಆ್ಯಪ್ ತಂದುಕೊಡಲೂ ಸಾಧ್ಯವಿಲ್ಲ. ಒಂದು ಆ್ಯಪ್ ನನ್ನ ಕಾಂಟ್ಯಾಕ್ಟ್ ಪಟ್ಟಿ ಬೇರೆ ಕೇಳಿತು.

ಆಮೇಲೆ ಫ್ಯಾಕ್ಟರಿ ರಿಸೆಟ್. ಕಂಪನಿಗೆ ಬರೆದಾಗ ಬಂದ ಮೊದಲ ಉತ್ತರ ಇದೇ. ಮಾಡಿದೆ. ಏನೂ ಬದಲಾಗಲಿಲ್ಲ ಅಂತ ಬರೆದರೆ ಮತ್ತೆ ಅದೇ ಉತ್ತರ ಬಂತು. ಮೊದಲ ಸಲ ಅವಸರದಲ್ಲಿ ಬ್ಯಾಕಪ್ ಸರಿಯಾಗಿ ನೋಡಿರಲಿಲ್ಲ. ಅಮ್ಮನ ದನಿಯ ರೆಕಾರ್ಡಿಂಗ್‌ಗಳು ಹೋದವು. ಅಮ್ಮ ಈಗಿಲ್ಲ. ಇದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ. ಜಿಪಿಎಸ್‌ಗಾಗಿ ಫೋನ್ ಅಳಿಸುವ ಮೊದಲು ಮುಂದೆ ಹೇಳುವ ಪರೀಕ್ಷೆ ಮಾಡಿ. ಹತ್ತು ನಿಮಿಷ ಸಾಕು.

ಉಪಗ್ರಹಗಳನ್ನು ನೇರವಾಗಿ ತೋರಿಸುವ ಜಿಪಿಎಸ್‌ಟೆಸ್ಟ್ ಎಂಬ ಆ್ಯಪ್ ಇದೆ. ಓಪನ್ ಸೋರ್ಸ್, ದುಡ್ಡು ಕೇಳುವುದಿಲ್ಲ. ತೆರೆದ ಬಯಲಿಗೆ ಹೋಗಿ. ಫೋನಿನ ಕವರ್ ತೆಗೆಯಿರಿ. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ, ಬ್ಲೂಟೂತ್ ಆಫ್ ಮಾಡಿ, ಲೊಕೇಶನ್ ಮಾತ್ರ ಆನ್ ಇರಲಿ. ಜಿಪಿಎಸ್ ಬರೀ ಕೇಳುವ ಯಂತ್ರ, ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಏರ್‌ಪ್ಲೇನ್ ಮೋಡಿನಲ್ಲೂ ಕೆಲಸ ಮಾಡುತ್ತದೆ. ಈಗ ಫೋನಿಗೆ ಅಂದಾಜು ಹಾಕಲು ಟವರೂ ಇಲ್ಲ, ವೈಫೈಯೂ ಇಲ್ಲ. ಸಿಕ್ಕಿದ್ದೆಲ್ಲ ಆಕಾಶದಿಂದಲೇ.

ಆ್ಯಪಿನಲ್ಲಿ ಪ್ರತಿ ಉಪಗ್ರಹದ ಎದುರು ಒಂದು ಅಂಕಿ ಇರುತ್ತದೆ, ಅದರ ಅಲೆ ಎಷ್ಟು ಬಲವಾಗಿ ಸಿಗುತ್ತಿದೆ ಅಂತ ಹೇಳುವುದು, ಡಿಬಿ-ಹರ್ಟ್ಸ್ ಲೆಕ್ಕದಲ್ಲಿ. ನೋಡಬೇಕಾದ್ದು ಅದನ್ನೇ. ಬಯಲಿನಲ್ಲಿ ನಾಲ್ಕೈದು ಉಪಗ್ರಹಗಳಾದರೂ 35 ದಾಟಿರಬೇಕು, ತಲೆಯ ಮೇಲಿನವು 40ರ ಹತ್ತಿರ ಇರಬೇಕು. ಅಣ್ಣನ ಹಳೇ ಫೋನಿನಲ್ಲಿ 38, 41, 42 ಹೀಗಿತ್ತು. ನನ್ನದರಲ್ಲಿ 18, 21, 22. ಪಟ್ಟಿಯಲ್ಲಿ 26 ಉಪಗ್ರಹಗಳ ಹೆಸರಿತ್ತು, ಲೆಕ್ಕಕ್ಕೆ ಬಳಕೆಯಾಗುತ್ತಿದ್ದದ್ದು ಒಮ್ಮೆ ನಾಲ್ಕು, ಒಮ್ಮೆ ಸೊನ್ನೆ. ಜಾಗ ಹೇಳಲು ಕನಿಷ್ಠ ನಾಲ್ಕು ಬೇಕು. ಮೂರು ಜಾಗಕ್ಕೆ, ಇನ್ನೊಂದು ಫೋನಿನ ಗಡಿಯಾರದ ತಪ್ಪು ತಿದ್ದಲಿಕ್ಕೆ.

22ಕ್ಕೂ 42ಕ್ಕೂ ಅರ್ಧದಷ್ಟು ವ್ಯತ್ಯಾಸ ಅಂದುಕೊಳ್ಳಬೇಡಿ. ಈ ಅಳತೆಯಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದು ಭಾಗವಾಗುತ್ತದೆ. 20 ಇಳಿದರೆ ನೂರನೇ ಒಂದು ಭಾಗ. ಅಣ್ಣನ ಫೋನಿಗೆ ಬರುತ್ತಿದ್ದದ್ದರ ನೂರರಲ್ಲೊಂದು ಪಾಲು ನನ್ನ ಫೋನಿಗೆ ಸಿಗುತ್ತಿತ್ತು. ಉಪಗ್ರಹ ಇರುವುದು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಅಲೆ ಮೊದಲೇ ಪಿಸುಮಾತಿನಷ್ಟು. ಅದರಲ್ಲೂ ನೂರನೇ ಪಾಲು ಅಂದರೆ ಫೋನ್ ಏನು ತಾನೇ ಕೇಳಿಸಿಕೊಳ್ಳಬೇಕು?

ಇಲ್ಲಿ ಎರಡು ಕಾಯಿಲೆಗಳನ್ನು ಬೇರೆ ಮಾಡಿಕೊಳ್ಳಬೇಕು. ನಾನು ಎಡವಿದ್ದು ಇಲ್ಲೇ.

ಒಂದು, ಅಂಕಿಗಳು ಚೆನ್ನಾಗಿವೆ, ಆದರೆ ಮೊದಲ ಸಲ ಜಾಗ ಸಿಗಲು ತುಂಬ ಹೊತ್ತು ಹಿಡಿಯುತ್ತದೆ. ಇದು ಸಾಫ್ಟ್‌ವೇರ್ ಕಡೆಯ ತೊಂದರೆ. ಜಿಪಿಎಸ್ ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವುದನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಹೇಳುತ್ತದೆ, ಪ್ರತಿ 30 ಸೆಕೆಂಡಿಗೊಮ್ಮೆ ಮತ್ತೆ ಮೊದಲಿಂದ. ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ಅಷ್ಟು ಕಾಯದಿರಲೆಂದು ಫೋನ್ ಇದೇ ಮಾಹಿತಿಯನ್ನು ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುತ್ತದೆ, ಅದಕ್ಕೆ ಎ-ಜಿಪಿಎಸ್ ಅನ್ನುತ್ತಾರೆ. ಇಂಥ ಫೋನ್ ಕೊಳ್ಳುವ ನಮ್ಮಲ್ಲಿ ಹಲವರು ಗೂಗಲ್ ಸೇವೆಗಳಿಲ್ಲದ ಬೇರೆ ಆಂಡ್ರಾಯ್ಡ್ ಹಾಕಿಕೊಳ್ಳುತ್ತೇವೆ. ಅದರಲ್ಲಿ ಈ ನೆರವು ಕೆಲವೊಮ್ಮೆ ಆಫ್ ಆಗಿರುತ್ತದೆ, ವೈಫೈ ನೋಡಿ ಅಂದಾಜು ಹಾಕುವ ಸೇವೆಯೂ ಇರುವುದಿಲ್ಲ. ಫೋನ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಬಯಲಿನಲ್ಲಿ ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಡಿ. ಆ್ಯಪಿನಲ್ಲೇ ಎ-ಜಿಪಿಎಸ್ ಮಾಹಿತಿ ಅಳಿಸಿ ಹೊಸದಾಗಿ ತರಿಸುವ ಅವಕಾಶ ಇದೆ, ಅದನ್ನು ಇಂಟರ್‌ನೆಟ್ ಇರುವಾಗ ಮಾಡಿ. ನಕ್ಷೆಯ ಆ್ಯಪಿಗೆ ಕೊಟ್ಟ ಅನುಮತಿಯನ್ನೂ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಒಂದು ಆ್ಯಪಿಗೆ ನಿಖರ ಜಾಗ ಕೊಡದೆ ಅಂದಾಜು ಜಾಗ ಮಾತ್ರ ಕೊಡಬಹುದು. ಆಗ ಜಿಪಿಎಸ್ ಎಷ್ಟೇ ಚೆನ್ನಾಗಿದ್ದರೂ ನಕ್ಷೆ ತಪ್ಪೇ ತೋರಿಸುತ್ತದೆ. ಓಟದ ದಾರಿ ಗೆರೆ ಎಳೆದಂತೆ ನೇರವಾಗಿ ಬಂದರೆ, ಬ್ಯಾಟರಿ ಉಳಿಸಲು ಫೋನ್ ಆ್ಯಪನ್ನು ಮಲಗಿಸಿದೆ ಅಂತ ಅರ್ಥ.

ಇನ್ನೊಂದು ನನ್ನದು. ಎಷ್ಟು ಹೊತ್ತು ಕಾದರೂ ಅಂಕಿಗಳು ಮೇಲೇರುವುದೇ ಇಲ್ಲ. ಇದು ಹಾರ್ಡ್‌ವೇರ್. ಇದಕ್ಕೆ ರಿಸೆಟ್ ಮಾಡಿ ಪ್ರಯೋಜನವಿಲ್ಲ. ಕಂಪನಿ ಎಷ್ಟು ಸಲ ಹೇಳಿದರೂ ಇಲ್ಲ.

ಅಣ್ಣನ ಕಾಲಿಗೆ ಪ್ಲಾಸ್ಟರ್ ಹಾಕಿಸಿ ಬಂದ ಮಾರನೇ ದಿನ ನಾನು ಬಯಲಿನಲ್ಲಿ ಕೂತು ಮೊದಲು ಫೋನಿನ ಹಿಂಬದಿಗೆ ಅಂಟಿಸಿದ್ದ ಕಬ್ಬಿಣದ ಬಿಲ್ಲೆ ಕಿತ್ತೆ. ಗಾಡಿಯಲ್ಲಿ ಮ್ಯಾಗ್ನೆಟ್ ಹೋಲ್ಡರಿಗೆ ಅಂತ ಹಾಕಿದ್ದು. ಅಂಕಿಗಳು ನಾಲ್ಕೈದು ಏರಿದವು. ಆಂಟೆನಾದ ಪಕ್ಕ ಲೋಹ ಇಡಬಾರದು ಅನ್ನುವುದು ಎಷ್ಟು ಸಣ್ಣ ವಿಷಯ, ನೋಡಿ. ಆಮೇಲೆ ಸುಮ್ನೆ ಫೋನ್ ಹಿಡಿದು ನೋಡುತ್ತಿದ್ದಾಗ ಹೆಬ್ಬೆರಳು ಕ್ಯಾಮೆರಾದ ಪಕ್ಕ, ಮೇಲಿನ ಮೂಲೆಯನ್ನು ಒತ್ತಿತು. ಪರದೆಯ ಮೇಲೆ ಗೀಟುಗಳು ಒಟ್ಟಿಗೆ ಎದ್ದವು. 24 ಇದ್ದದ್ದು 36. ಬೆರಳು ಬಿಟ್ಟೆ, ಒಂದೆರಡು ಸೆಕೆಂಡಿನಲ್ಲಿ 24ಕ್ಕೆ ಬಿತ್ತು. ಮತ್ತೆ ಒತ್ತಿದೆ, ಮತ್ತೆ ಎದ್ದವು. ಹತ್ತು ಸಲವಾದರೂ ಮಾಡಿರಬೇಕು. ಕಣ್ಣಲ್ಲಿ ನೀರು ಬಂತು. ಇಷ್ಟು ತಿಂಗಳು ಕಾಯಿಲೆ ನನ್ನ ಬೆರಳಿನ ಕೆಳಗೇ ಇತ್ತು.

ಹಿಂಬದಿ ಬಿಚ್ಚಿದೆ. ಇಂಥ ಫೋನುಗಳಲ್ಲಿ ಭಾಗಗಳು ಬೇರೆ ಬೇರೆ ಇರುವುದರಿಂದ ಆಂಟೆನಾಕ್ಕೂ ಬೋರ್ಡಿಗೂ ನಡುವೆ ಬೆಸುಗೆ ಇರುವುದಿಲ್ಲ. ಚಿನ್ನದ ಬಣ್ಣದ ಪುಟ್ಟ ಸ್ಪ್ರಿಂಗ್ ತಗಡು ಒಂದು ಕಡೆ, ಅದು ಒತ್ತಿಕೊಂಡು ಕೂರುವ ಬಿಲ್ಲೆ ಇನ್ನೊಂದು ಕಡೆ. ಬಿಚ್ಚಲು ಸುಲಭವಾಗಿರುವುದು ಇದರಿಂದಲೇ, ಕೈಕೊಡುವುದೂ ಇಲ್ಲೇ. ನನ್ನ ಫೋನಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಆ ತಗಡು ಚಪ್ಪಟೆಯಾಗಿ ಮಲಗಿತ್ತು, ಬಿಲ್ಲೆಯ ಮೇಲೆ ಬೆರಳಿನ ಜಿಡ್ಡು ಕಪ್ಪಗೆ ಕೂತಿತ್ತು. ಎಂಟು ತಿಂಗಳ ಹಿಂದೆ ನಾನೇ ಕ್ಯಾಮೆರಾ ಬದಲಿಸಿದ್ದೆ. ಒಂದು ಸ್ಕ್ರೂ ಪೂರ್ತಿ ಬಿಗಿಯಾಗಿರಲಿಲ್ಲ. ತಗಡು ಆಗ ಬಗ್ಗಿತೋ, ಮೊದಲೇ ಹಾಗಿತ್ತೋ ಹೇಳಲಾರೆ. ಆದರೆ ಕ್ಯಾಮೆರಾ ಹಾಕಿದ ದಿನವೇ ಜಿಪಿಎಸ್ ಅಂಕಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ನೀವೇ ಫೋನ್ ಬಿಚ್ಚುವವರಾದರೆ, ಬಿಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಅಂಕಿಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಬಂಗಾರದ ಬಣ್ಣದ ಜಾಗಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಿಲ್ಲೆ ಒರೆಸಿದೆ, ಸ್ಕ್ರೂ ಬಿಗಿ ಮಾಡಿದೆ. 31ಕ್ಕೆ ಬಂತು. ತಗಡನ್ನು ಚಿಮುಟದಿಂದ ಎತ್ತಲು ಹೋಗಲಿಲ್ಲ. ಮುರಿದರೆ ಬೋರ್ಡೇ ಹೋದಂತೆ, ನೀವೂ ಆ ಸಾಹಸ ಮಾಡಬೇಡಿ. ಅದು ಅಂಗಡಿಯವರು ಮಾಡಬೇಕಾದ ಕೆಲಸ. ಕಂಪನಿಗೆ ಫೋಟೋ ಸಮೇತ ಬರೆದೆ. ಈ ಸಲ ರಿಸೆಟ್ ಮಾತು ಬರಲಿಲ್ಲ, ವಾರಂಟಿ ಮುಗಿದು ಹನ್ನೊಂದು ದಿನ ಆಗಿದೆ ಅಂತ ಬಂತು. ನಾನು ಮೋಡದ ಮೇಲೆ ತಪ್ಪು ಹಾಕುತ್ತಾ ಕಳೆದ ತಿಂಗಳುಗಳಲ್ಲಿ ಎರಡು ವಾರ ಉಳಿಸಿಕೊಂಡಿದ್ದರೂ ಸಾಕಿತ್ತು. ಕೊನೆಗೆ ನನ್ನ ಖರ್ಚಿನಲ್ಲೇ ರಿಪೇರಿಯಾಯಿತು. ಈಗ ಬಯಲಿನಲ್ಲಿ 39, 40 ತೋರಿಸುತ್ತದೆ. ಓಟದ ದಾರಿ 5 ಕಿಲೋಮೀಟರೇ ಇದೆ. ಫೋನ್ ಇನ್ನೂ ನನ್ನ ಜೇಬಿನಲ್ಲೇ ಇದೆ, ಬಿಸಾಡುವ ಯೋಚನೆ ಇಲ್ಲ.

ನಿಮ್ಮ ಫೋನಿನ ಚುಕ್ಕಿಯೂ ಆಗಾಗ ಜಿಗಿಯುತ್ತಿದೆಯಾ? ಹಾಗಿದ್ದರೆ ನಾಳೆ ಬೆಳಿಗ್ಗೆಯೇ ಬಯಲಿಗೆ ಹೋಗಿ. ಮನೆಯವರದೋ ಗೆಳೆಯರದೋ ಇನ್ನೊಂದು ಫೋನ್ ಜೊತೆಗಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಅಂಕಿಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ತಾರೀಖು ಇರಲಿ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ಕವರ್, ಹಿಂಬದಿಗೆ ಅಂಟಿಸಿದ ಕಬ್ಬಿಣದ ಬಿಲ್ಲೆ ತೆಗೆದು ಮತ್ತೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಆ ಎರಡು ಚಿತ್ರ ಸೇರಿಸಿ ಅವತ್ತೇ ಕಂಪನಿಗೆ ಬರೆಯಿರಿ. ವಾರಂಟಿ ಕೊನೆಯ ದಿನ ಯಾವುದು ಅಂತ ಬಿಲ್ ತೆಗೆದು ನೋಡಿಕೊಂಡೇ ಬರೆಯಿರಿ.